ಬೇಲಿಯಾಚೆ ಹೊಡೆದ ಗುಲಾಬಿ ಬಣ್ಣ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಕುರಿಗಳು ನೀರು ಕುಡಿಯುವ ಕಲ್ಲುಬಾನಿ ತಿಕ್ಕುತ್ತಿದ್ದೆ. ನಮ್ಮ ಮನೆಯವರು ಫೋನು ಹಿಡಿದುಕೊಂಡು ಬಂದು, 'ಹೆಣ್ಣಂತೆ ಕಣೇ' ಅಂದರು. ನಾನು ಬಾನಿಯೊಳಕ್ಕೇ ಕುಳಿತುಬಿಟ್ಟೆ. ಸೀರೆಯೆಲ್ಲ ಒದ್ದೆಯಾದರೂ ಏಳಬೇಕು ಅಂತ ಹೊಳೆಯಲಿಲ್ಲ. ನನಗಿರುವುದು ಒಬ್ಬಳೇ ಮಗಳು. ಅವಳ ಮದುವೆಯಾಗಿ ಆರು ವರ್ಷಕ್ಕೆ ಈ ಕೂಸು. ಅಷ್ಟರಲ್ಲಿ ನಾನು ಹರಕೆ ಹೊರದ ದೇವರು ಈ ಸೀಮೆಯಲ್ಲಿ ಉಳಿದಿರಲಿಲ್ಲ. ಎಲ್ಲ ದೇವರ ಹತ್ತಿರವೂ ಒಂದು ಕೂಸು ಕೊಡು ಅಂದಿದ್ದೆ. ಒಂದೆರಡು ದೇವರ ಕಿವಿಯಲ್ಲಿ ಮಾತ್ರ, ಹೆಣ್ಣಾದರೆ ಇನ್ನೂ ಚೆಂದ ಅಂತ ಮೆಲ್ಲಗೆ ಸೇರಿಸಿದ್ದೆ. ಕೇಳಿದ್ದೆಲ್ಲ ಸಿಕ್ಕಿಬಿಟ್ಟರೆ ಮನುಷ್ಯರಿಗೆ ಗಾಬರಿಯಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಕೂಸು ತಿಂಗಳು ತುಂಬುವ ಮೊದಲೇ ಬಂದಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ನಮ್ಮ ಕುರಿ ಹಾಕಿದ ಮರಿ ಕೂಡ ಇದಕ್ಕಿಂತ ಗಟ್ಟಿಯಾಗಿರುತ್ತದೆ. ಕೈ ಬೆರಳುಗಳೋ, ಎಳೆ ಹುಣಸೆ ಚಿಗುರು. ಡಾಕ್ಟರಮ್ಮ ನನ್ನ ಕಡೆ ತಿರುಗಿ, 'ಎರಡು ವಾರ ಇಲ್ಲೇ ಇರ್ಲಿ. ಆಮೇಲೆ ಬೆಚ್ಚಗಿರೋ, ಧೂಳಿಲ್ಲದ ರೂಮಲ್ಲಿ ಇಟ್ಟು ನೋಡ್ಕೋಬೇಕು ಅಜ್ಜಿ' ಅಂದರು. ಯಾವ ಅಜ್ಜಿ ಬಂದಳಪ್ಪ ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಮಗಳ ಅತ್ತೆ ಹೊಳಲ್ಕೆರೆಯಿಂದ ಬಂದು ಆಸ್ಪತ್ರೆಯಲ್ಲಿ ಜೊತೆಗಿದ್ದರು. ಬಾಣಂತನ ಮಾತ್ರ ತವರಿನದು, ಅಂದರೆ ನನ್ನದು. ಆದ್ದರಿಂದ ಮೂರು ದಿನ ಕೂಸಿನ ಮುಖ ನೋಡಿಕೊಂಡಿದ್ದು, ಜಾಗ ಸಿದ್ಧ ಮಾಡಬೇಕೆಂದು ಹೊರಟೆ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮಕ್ಕಳ ಸಾಮಾನಿನದೇ ಒಂದು ಅಂಗಡಿ ಇತ್ತು. ಒಳಗೆ ಹೋದರೆ ಎಲ್ಲವೂ ಗುಲಾಬಿ. ಗುಲಾಬಿ ತೊಟ್ಟಿಲು, ಗುಲಾಬಿ ಸೊಳ್ಳೆಪರದೆ, ತೊಟ್ಟಿಲ ಮೇಲೆ ತಿರುಗುತ್ತಾ ಹಾಡು ಹೇಳುವ ಗುಲಾಬಿ ಚಿಟ್ಟೆಗಳು.

'ಹೆಣ್ಣು ಮಗೀಗೆ ಅಂದ್ರೆ ಈಗ ರೂಮೆಲ್ಲಾ ಪಿಂಕೇ ಮಾಡ್ತಾರೆ ಅಮ್ಮ' ಅಂದಳು ಅಂಗಡಿಯ ಹುಡುಗಿ.

ಆ ಚಿಟ್ಟೆಯ ಬೆಲೆ ಕೇಳಿದ್ದೇ, ಅದನ್ನು ಮುಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಮುಟ್ಟಿದ್ದಕ್ಕೂ ಏನಾದರೂ ಕೇಳಿಯಾಳು ಅಂತ ಭಯ. ಆದರೆ ಬಸ್ಸಿನಲ್ಲಿ ಕುಳಿತ ಮೇಲೂ ಕಣ್ಣ ಮುಂದೆ ಗುಲಾಬಿ ಹೋಗಲಿಲ್ಲ. ದುಡ್ಡಿಲ್ಲದಿದ್ದರೇನು, ಕೈ ಇದೆಯಲ್ಲ, ನನ್ನ ಮೊಮ್ಮಗಳಿಗೂ ಒಂದು ಕೋಣೆ ಮಾಡಿಯೇ ಮಾಡುತ್ತೇನೆ ಅಂದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮದು ಹೊಸದುರ್ಗದ ಕಡೆಯ ಕುರಿ ಸಾಕುವವರ ಹಟ್ಟಿ. ನಮ್ಮಲ್ಲಿ ಹೆತ್ತವಳು ಕೂಸಿನೊಂದಿಗೆ ಒಂದು ತಿಂಗಳು ಮನೆಯೊಳಗೆ ಬರುವಂತಿಲ್ಲ. ಮನೆಯಲ್ಲಿ ದೇವರ ಪೆಟ್ಟಿಗೆ ಇರುತ್ತದೆ, ಅದಕ್ಕೆ ಸೂತಕ ತಾಗಬಾರದು. ಆ ಒಂದು ತಿಂಗಳು ಹಟ್ಟಿಯ ಬೇಲಿಯಾಚೆ ಗುಡ್ಲು ಅನ್ನುವ ಪುಟ್ಟ ಗುಡಿಸಲಿನಲ್ಲಿರಬೇಕು. ಊಟ, ನೀರು ದೂರದಿಂದ ಇಟ್ಟು ಹೋಗುತ್ತಾರೆ. ನಾನು ಹಾಗೇ ಇದ್ದೆ. ನನ್ನ ಅತ್ತೆಯೂ ಹಾಗೇ ಇದ್ದರು. ಬಿಸಿಲು, ಚಳಿ ಇದ್ದ ಹಾಗೆ ಅದೂ ಒಂದು. ಅದನ್ನು ಕಷ್ಟ ಅಂತ ಕರೆಯಬಹುದೆಂದು ನನಗೆ ತಿಳಿದಿರಲಿಲ್ಲ. ಈಗೀಗ ಕೆಲವು ಹಟ್ಟಿಗಳಲ್ಲಿ ಬಿಟ್ಟಿದ್ದಾರಂತೆ. ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ, ಬಿಡುವ ಮಾತೇ ಎದ್ದಿರಲಿಲ್ಲ. ಹಾಗಾಗಿ ಕೂಸಿಗೆ ಕೋಣೆ ಎಂದಾಗ ನನ್ನ ತಲೆಗೆ ಬಂದದ್ದು ಆ ಗುಡ್ಲು. ಬೇರೆ ಯಾವುದೂ ಬರಲೇ ಇಲ್ಲ.

ನಮ್ಮ ಹಿತ್ತಿಲ ಬೇಲಿಯಾಚೆ, ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ತಗಡು ಹೊದಿಸಿದ ಒಂದು ಸಣ್ಣ ಗೂಡು ಅದು. ಬಾಗಿಲು ತೆರೆದಾಗ ಹಲ್ಲಿ, ಜೇಡ, ಹಳೇ ಬೂದಿ. ಮೊದಲು ಮೂರು ದಿನ ತೊಳೆದೆ. ಬೆಳಕಿಲ್ಲ ಅಂತ ನಮ್ಮ ಮನೆಯವರ ಕೈಲಿ ನಾಲ್ಕು ಇಟ್ಟಿಗೆ ಕೀಳಿಸಿ, ಹಳೇ ಜಾಲರಿ ಕೂರಿಸಿ, ಕಿಟಕಿ ಅಂತ ಮಾಡಿಸಿದೆ. ಅವರು ಮಾತು ಕಡಿಮೆಯ ಮನುಷ್ಯ. ದಿನಕ್ಕೆ ಕುರಿಗಳ ಜೊತೆ ಆಡುವಷ್ಟು ನನ್ನ ಜೊತೆ ಆಡುವುದಿಲ್ಲ. ಇಟ್ಟಿಗೆ ಕೀಳುತ್ತಾ, 'ಗುಡ್ಲಿಗೆ ಕಿಟಕಿ ಇಟ್ಟಿದ್ದು ನಾನು ನೋಡಿಲ್ಲಪ್ಪ' ಅಂದರು.

'ನನ್ನ ಮೊಮ್ಮಗಳಂಥೋಳು ಇದ್ರಲ್ಲಿ ಮಲಗಿದ್ದನ್ನ ನೋಡಿದ್ರಾ?' ಅಂದೆ.

ಬಣ್ಣಕ್ಕೆ ದುಡ್ಡೆಲ್ಲಿ? ಸುಣ್ಣ ಇತ್ತು. ಕುರಿಗಳ ಬೆನ್ನಿಗೆ ಗುರುತು ಹಾಕುವ ಕೆಂಪು ಬಣ್ಣದ ಪುಡಿಯೂ ಒಂದು ಡಬ್ಬಿ ಇತ್ತು. ಎರಡನ್ನೂ ಕಲಸಿ, ಹುಣಸೆಬೀಜದ ಅಂಟು ಬೆರೆಸಿ ಗೋಡೆಗೆ ಬಳಿದೆ. ಬಳಿದು ಹಿಂದೆ ಸರಿದು ನೋಡಿದರೆ, ಅಯ್ಯೋ ನನ್ನ ಶಿವನೇ! ನಾಲ್ಕು ಗೋಡೆಯೂ ಹಬ್ಬದ ದಿನ ಮರಿ ಕಡಿದ ಜಾಗದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯ ಸೊಸೆ ಇಣುಕಿ ನೋಡಿದವಳು, 'ಏನ್ ಅತ್ತೆಮ್ಮ, ಯಾರನ್ನ ಕಡಿದ್ರಿ?' ಅಂತ ಕೂಗಿಯೇಬಿಟ್ಟಳು. ಇದ್ದ ಸುಣ್ಣವೂ ಮುಗಿದಿತ್ತು. ಅಲ್ಲೇ ಬಾಗಿಲ ಬಳಿ ತಲೆ ಮೇಲೆ ಕೈ ಹೊತ್ತು ಕೂತೆ. ಬಿಸಿಲು ಏರಿ ಗೋಡೆ ಒಣಗುತ್ತಾ ಬಂದ ಹಾಗೆ ಬಣ್ಣ ತಿಳಿಯಾಗುತ್ತಾ ಬಂತು. ಮಧ್ಯಾಹ್ನದ ಹೊತ್ತಿಗೆ ಎಂಥ ಗುಲಾಬಿ ಅಂತೀರಿ! ಈಗತಾನೇ ಹುಟ್ಟಿದ ಮರಿಯ ಕಿವಿಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಕಾಣುತ್ತದಲ್ಲ, ಅದೇ ಬಣ್ಣ. ಚಿತ್ರದುರ್ಗದ ಅಂಗಡಿಯಲ್ಲಿ ಅದು ಇರಲಿಲ್ಲ.

ತಗಡಿನ ಕಾವು ಇಳಿಯದಿರಲಿ ಅಂತ ಕೆಳಗೊಂದು ಮುಚ್ಚಿಗೆ ಬೇಕಿತ್ತು. ನಮ್ಮ ಮನೆಯವರು ಎಲ್ಲಿಂದಲೋ ಒಂದು ದೊಡ್ಡ ಫ್ಲೆಕ್ಸ್ ತಂದು ಎಳೆದು ಕಟ್ಟಿದರು. ಕಟ್ಟಾದ ಮೇಲೆ ನಾನು ಹೋಗಿ ಕೂಸು ಮಲಗುವ ಜಾಗದಲ್ಲಿ ಅಂಗಾತ ಮಲಗಿ ನೋಡಿದೆ. ಯಾರೋ ಮುಖಂಡರು, ದಪ್ಪ ಮೀಸೆ, ಎರಡೂ ಕೈ ಜೋಡಿಸಿಕೊಂಡು ನನ್ನನ್ನೇ ನೋಡುತ್ತಿದ್ದಾರೆ! ಚೀರಿಕೊಂಡು ಎದ್ದೆ.

'ಏನ್ರಿ ಇದು, ಕೂಸು ಕಣ್ಣು ಬಿಟ್ರೆ ಮೀಸೆ ಕಾಣ್ಬೇಕಾ?'

'ಕೈ ಮುಗೀತಾ ಅವ್ರೆ, ಬೈತಾ ಇಲ್ವಲ್ಲ' ಅಂದರು. ಅಂದರೂ ಬಿಚ್ಚಿ ಬಿಳಿಯ ಬದಿ ಕೆಳಗೆ ಬರುವ ಹಾಗೆ ತಿರುಗಿಸಿ ಕಟ್ಟಿದರು.

ಹಾಡುವ ಚಿಟ್ಟೆಯ ಬದಲಿಗೆ ಗಿಣಿ ಮಾಡಿದೆ. ಬಾಗೂರಿನ ಟೈಲರ್ ಹತ್ತಿರ ರವಿಕೆ ಹೊಲಿದು ಉಳಿದ ಹಸಿರು ಚೂರುಗಳನ್ನು ಕೇಳಿ ತಂದೆ. ಎಳೆ ಮರಿಗಳ ಮೊದಲ ತುಪ್ಪಟವನ್ನು ಸೀಗೆಯಲ್ಲಿ ಮೂರು ಸಲ ತೊಳೆದು ಒಣಗಿಸಿ ಒಳಗೆ ತುಂಬಿದೆ. ಹಳೇ ಜರಡಿಯ ಬಳೆಗೆ ಒಂಬತ್ತು ಗಿಣಿ ಕಟ್ಟಿದೆ. ಕೊಕ್ಕಿಗೆ ಕೆಂಪಗಿರಲಿ ಅಂತ ಒಣಮೆಣಸಿನಕಾಯಿ ತುದಿ ಚುಚ್ಚಿ ಹೊಲಿದಿದ್ದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ. ಪಕ್ಕದ ಮನೆಯ ಸೊಸೆಯೇ ನೋಡಿ, 'ಕೂಸಿನ ಕಣ್ಣಿಗೆ ಉದುರಿದ್ರೆ ಗತಿ ಏನ್ರಿ?' ಅಂದಳು. ಅವತ್ತು ಸಂಜೆಯವರೆಗೆ ಕೂತು ಒಂಬತ್ತೂ ಕೊಕ್ಕು ಕಿತ್ತು ಕೆಂಪು ದಾರ ಸುತ್ತಿದೆ. ನನ್ನ ಮದುವೆಯ ಸೀರೆಯ ಸೆರಗು ಕಿಟಕಿಗೆ ಪರದೆಯಾಯಿತು. ನೆಲಕ್ಕೆ ಕಂಬಳಿ.

ಅದೇ ಸೊಸೆ ತನ್ನ ಫೋನಿನಲ್ಲಿ ಫೋಟೋ ಹೊಡೆದು ಆಸ್ಪತ್ರೆಯಲ್ಲಿದ್ದ ಮಗಳಿಗೆ ಕಳಿಸಿದಳು. ಗೋಡೆ, ಗಿಣಿ, ಪರದೆ, ಕಂಬಳಿ. ಎಲ್ಲ ಒಳಗಿನದು. ಹೊರಗಿನ ತಗಡು ಒಂದರಲ್ಲೂ ಇರಲಿಲ್ಲ. ಐದು ನಿಮಿಷಕ್ಕೆ ಮಗಳ ಫೋನು ಬಂತು. ಮಾತಾಡಲು ಹೋಗಿ ಅಳುತ್ತಿದ್ದಳು.

'ಅವ್ವಾ, ಇದು ಉಣ್ಣೆ ಇಡ್ತಿದ್ದ ರೂಮಾ? ಗುರುತೇ ಸಿಗ್ತಿಲ್ವಲ್ಲೇ! ಇಲ್ಲಿ ವಾರ್ಡಲ್ಲಿ ಎಲ್ರಿಗೂ ತೋರ್ಸಿದೆ. ಅಜ್ಜಿ ಒಪ್ಪಿದ್ಲಾ?'

'ಸುಮ್ನೆ ಬಾ ನೀನು, ಬಂದು ಕಣ್ಣಾರೆ ನೋಡು' ಅಂದೆ. ಉಣ್ಣೆ ಇಡುವ ಕೋಣೆ ನಮ್ಮ ಮನೆಯೊಳಗಿನದು. ಅವಳು ಹಾಗೇಕೆ ಕೇಳಿದಳು, ಅಜ್ಜಿ ಒಪ್ಪುವ ಮಾತೇಕೆ ಬಂತು ಅಂತ ನಾನು ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಗುಡ್ಲಿಗೆ ಇಷ್ಟೊಂದು ಮಾಡಿದ್ದಕ್ಕೆ ಅತ್ತೆ ಬೈದರೋ ಏನೋ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. ಸಂತೋಷ ಹೆಚ್ಚಾದಾಗ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ.

ಕೂಸು ತೂಕ ಹಿಡಿದು, ಡಾಕ್ಟರಮ್ಮ ಕಳಿಸಿಕೊಟ್ಟರು. ಅಳಿಯ ಹಿರಿಯೂರಿನಲ್ಲಿ ಟೈರಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ರಜೆ ಹಾಕಿ ಕಾರು ಮಾಡಿಕೊಂಡು ತಾಯಿ ಮಗುವನ್ನು ಕರೆತಂದ. ಬೆಳಗ್ಗೆ ಹತ್ತರ ಹೊತ್ತು. ನಾನು ಆರತಿ ತಟ್ಟೆ ಹಿಡಿದು ಬೇಲಿಯ ಬಳಿ ನಿಂತಿದ್ದೆ. ಕಾರು ನೆಟ್ಟಗೆ ಮನೆಯ ಮುಂದೆ ಹೋಗಿ ನಿಂತಿತು. ನಾನು ಓಡಿ ಹೋಗಿ, 'ಇಲ್ಲಲ್ಲಪ್ಪ, ಹಿಂದ್ಗಡೆಗೆ ಬರ್ರಿ, ಗುಡ್ಲು ಹಿಂದ್ಗಡೆ ಐತೆ' ಅಂದೆ.

ಮಗಳು ನನ್ನ ಮುಖ ನೋಡಿದಳು. ಆಮೇಲೆ ತಲೆ ಹೊರಗೆ ಹಾಕಿ ಬೇಲಿಯಾಚೆ ನೋಡಿದಳು. ತಗಡು, ಬಾಗಿಲು, ಬಾಗಿಲೊಳಗಿಂದ ಕಾಣುವ ಗುಲಾಬಿ ಗೋಡೆ.

'ಅವ್ವಾ, ಆ ಫೋಟೋ ಇದರದ್ದಾ?'

'ಹೂಂ ಮತ್ತೆ! ಒಳಗೆ ಬಾ, ಗಿಣಿ ನೋಡು. ಕಿಟಕಿ ಬೇರೆ ಇಡ್ಸಿದೀನಿ.'

'ನನ್ನ ಮಗೀನ ಹೊರಗೇ ಇಡ್ತೀಯಾ? ಬಣ್ಣ ಹೊಡ್ದು ಹೊರಗೆ ಇಡ್ತೀಯಾ?'

ಅವಳು ಹೀಗೆ ಕೇಳಿದ್ದು ನನಗೆ ಹೊಡೆದ ಹಾಗಾಯಿತು. ಹತ್ತು ದಿನ ನಾನು ಬೆನ್ನು ನೆಟ್ಟಗೆ ಮಾಡಿರಲಿಲ್ಲ. ಕೈಯಲ್ಲಿ ಸುಣ್ಣ ತಿಂದ ಗಾಯ ಇನ್ನೂ ಇತ್ತು. ನನಗೂ ಸಿಟ್ಟು ಬಂತು.

'ನಾನಿರಲಿಲ್ವೇನೇ? ನೀನು ಹುಟ್ಟಿದಾಗ ಹುಲ್ಲಿನ ಗುಡ್ಲು. ಮಳೆ ಸುರಿದು, ನಿನ್ನ ಓರೆ ಮಾಡಿದ ಕೊಪ್ಪರಿಗೆ ಕೆಳಗೆ ಮಲಗ್ಸಿ ನಾನು ನೆಂದ್ಕೊಂಡು ಕೂತಿದ್ದೆ. ನಿಂಗೇ ಎಷ್ಟು ಸಲ ಹೇಳಿಲ್ಲ?'

'ಹೇಳಿದೀಯ. ನೀನು ನಗ್ತಾ ಹೇಳ್ತಿದ್ದೆ ಅವ್ವಾ. ನಂಗೆ ಯಾವತ್ತೂ ನಗು ಬಂದಿಲ್ಲ.'

ಹಾಗಂದು ಗಂಡನ ಕಡೆ ತಿರುಗಿ, 'ಗಾಡಿ ತಿರುಗ್ಸಕ್ಕೆ ಹೇಳ್ರಿ, ಹೊಳಲ್ಕೆರೆಗೆ ಹೋಗಾಣ' ಅಂದಳು. ಅಳಿಯ ಡ್ರೈವರನ ಮುಖ ನೋಡಿದ. ಡ್ರೈವರ್ ನನ್ನ ಆರತಿ ತಟ್ಟೆ ನೋಡಿದ. ಕಾರು ಗುರ್ ಅಂದಿತು.

ಅಷ್ಟು ವರ್ಷ ಕಾದು, ಎರಡು ವಾರ ಕಾದು, ನನ್ನ ಮೊಮ್ಮಗಳು ನಾನು ಎತ್ತಿಕೊಳ್ಳುವ ಮೊದಲೇ ವಾಪಸ್ ಹೋಗುತ್ತಿದ್ದಳು. ಆಗ ನನಗೆ ಏನು ಹೊಳೆಯಿತೆಂದು ಇವತ್ತಿಗೆ ಬಿಡಿಸಿ ಬರೆಯುತ್ತಿದ್ದೇನೆ, ಅವತ್ತು ಇಷ್ಟು ಮಾತಾಗಿ ಹೊಳೆದಿರಲಿಲ್ಲ. ನಾನು ಗುಡ್ಲಿನಲ್ಲಿದ್ದಾಗ ಯಾರೂ ಅದಕ್ಕೆ ಬಣ್ಣ ಹೊಡೆದಿರಲಿಲ್ಲ, ಯಾರೂ ಗಿಣಿ ಕಟ್ಟಿರಲಿಲ್ಲ. ಅದಕ್ಕೇ ಅಲ್ಲಿ ಕಡಿಮೆಯಾಗಿದ್ದದ್ದು ಬಣ್ಣ ಅಂತಲೇ ತಿಳಿದಿದ್ದೆ.

ಕಾರಿನ ಬಾಗಿಲು ತೆಗೆದೆ. ಆರತಿ ತಟ್ಟೆಯನ್ನು ಅಳಿಯನ ತೊಡೆಯ ಮೇಲಿಟ್ಟೆ. ಮಗಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು, ಹಿಂದೆ ಮುಂದೆ ನೋಡದೆ ಮನೆಯ ಕಡೆ ನಡೆದೆ. ನನ್ನ ಕಾಲು ನನ್ನ ಮಾತು ಕೇಳುತ್ತಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹೊಸ್ತಿಲ ಒಳಗೆ ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು.

'ಲೇ, ನಿಲ್ಲು. ಹೊಸಲು ದಾಟ್ಬೇಡ' ಅಂದರು.

ದಾಟಿದೆ. ದಾಟಿ ಉಣ್ಣೆಯ ಕೋಣೆಗೆ ಹೋಗಿ, ಚೀಲಗಳ ನಡುವೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸಿಡಿಲು ಬೀಳುತ್ತದೆ, ಗೋಡೆ ಬೀಳುತ್ತದೆ ಅಂತ ಕಾಯುತ್ತಿದ್ದೆ. ಕೂಸು ಆಕಳಿಸಿತು, ಅಷ್ಟೇ. ಬಾಗಿಲಲ್ಲಿ ಮಗಳು ಬಂದು ನಿಂತಳು. ಅವಳಿಗೂ ಒಳಗೆ ಕಾಲಿಡಲು ಧೈರ್ಯ ಬಂದಿರಲಿಲ್ಲ. 'ಬಾರೇ, ಗಾಳಿ ಬತ್ತೈತೆ, ಬಾಗ್ಲು ಹಾಕು' ಅಂದೆ.

ಹೊರಗೆ ಅತ್ತೆಯ ದನಿ ಕೇಳಿತು. 'ಮಗಾ, ದೇವ್ರ ಪೆಟ್ಟಿಗೆ ಗುಡಿಗೆ ತಗಂಡೋಗು. ಸೂತಕದ ಮನೇಲಿ ನಾನು ನೀರೂ ಮುಟ್ಟಲ್ಲ.'

'ನೀನೆಲ್ಲಿಗೆ ಹೋಗ್ತೀಯವ್ವ?' ನಮ್ಮ ಮನೆಯವರು ಕೇಳಿದರು.

'ಆ ಗುಡ್ಲು ಐತಲ್ಲ. ಹೊಸ ಸುಣ್ಣ ಹೊಡ್ದೈತೆ, ಇನ್ನೂ ಯಾವ ಬಾಣಂತೀನೂ ಕಾಲಿಟ್ಟಿಲ್ಲ. ನಾನೇ ಅಲ್ಲಿರ್ತೀನಿ.'

ನಾನು ಬಾಗಿಲ ಸಂದಿಯಿಂದ ನೋಡಿದೆ. ಎಂಬತ್ತು ದಾಟಿದ ಮುದುಕಿ ಕೋಲು ಊರಿಕೊಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿ ಹೋದರು. ಗುಲಾಬಿ ಗೋಡೆ, ಒಂಬತ್ತು ಗಿಣಿ, ನನ್ನ ಮದುವೆ ಸೀರೆಯ ಪರದೆ ಎಲ್ಲ ಅವರ ಪಾಲಾಯಿತು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಮಗಳು ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, ಬಾಣಂತಿ ಅನ್ನುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. 'ಹೊಲಿಗೆ ಐತೆ ಕಣೇ, ನಗಬೇಡ' ಅಂತ ನಾನು ಬೈದೆ, ನಾನೂ ನಕ್ಕೆ. ನಗುವಾಗಲೇ ಅಳುವೂ ಬಂತು.

ಮರುದಿನ ಹಟ್ಟಿಯ ಹಿರಿಯರಿಬ್ಬರು ಬಂದರು. ಜಗುಲಿ ಹತ್ತದೆ ಅಂಗಳದಲ್ಲೇ ನಿಂತರು. 'ಏನಪ್ಪ, ಕಟ್ಟಳೆ ಮುರಿದ್ರಂತೆ?' ಅಂದರು. ಕೋಣೆಯೊಳಗೆ ಮಗಳು ನನ್ನ ಕೈ ಹಿಡಿದುಕೊಂಡಳು. ನಮ್ಮ ಮನೆಯವರು ಹೂಂ ಅಂದುಬಿಟ್ಟರೆ ಕೂಸನ್ನು ಹೊರಗೆ ಕೊಡಬೇಕಾಗುತ್ತದೆ ಅಂತ ನಾನು ಅದನ್ನು ಎದೆಗೆ ಅವಚಿಕೊಂಡೆ. ನಮ್ಮ ಮನೆಯವರು ಬೀಡಿ ಆರಿಸಿ ಎದ್ದು ನಿಂತರು.

'ದೇವ್ರು ಗುಡೀಲವ್ನೆ. ನಮ್ಮವ್ವ ಬೇಲಿ ಆಚೆ ಅವ್ಳೆ. ನಾನು ಕುರಿ ಹಟ್ಟೀಲಿ ಮಲಗ್ತೀನಿ. ಮನೇಲಿ ಸೂತಕ ತಾಗಾಕೆ ಇನ್ಯಾರವ್ರೆ ಹೇಳ್ರಿ?'

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ನಮ್ಮ ಮನೆಯವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದನ್ನು ನಾನೂ ಕೇಳಿರಲಿಲ್ಲ. 'ಹಂಗಂದ್ರೆ ಹೆಂಗಪ್ಪಾ' ಅಂತ ಹಿರಿಯರು ಗೊಣಗಿಕೊಂಡು ಹೋದರು. ಕೆಲವರು ಆಮೇಲೆ ನಮ್ಮ ಮನೆಯ ಹಾಲು ಕೊಳ್ಳುವುದು ಬಿಟ್ಟರು. ಬಿಡಲಿ ಅಂತ ನಾನು ಬೆಣ್ಣೆ ಮಾಡಿ ಬಾಣಂತಿಗೆ ಹಾಕಿದೆ.

ಉಣ್ಣೆಯ ಕೋಣೆಗೆ ಏನೂ ಅಲಂಕಾರವಿಲ್ಲ. ಬಣ್ಣ ಮಾಸಿದ ಗೋಡೆ, ಗೋಡೆಯುದ್ದಕ್ಕೂ ಚೀಲ, ಮೊಳೆಗೆ ನೇತು ಹಾಕಿದ ಉಣ್ಣೆ ಕತ್ತರಿಸುವ ಕತ್ತರಿ. ಕತ್ತರಿ ಮಾತ್ರ ತೆಗೆದೆ. ಆದರೆ ಚೀಲಗಳಿಂದಾಗಿ ಆ ಕೋಣೆ ಬೆಚ್ಚಗಿತ್ತು. ಕೂಸು ದಿನದಿನಕ್ಕೆ ಕೆನ್ನೆ ತುಂಬಿಕೊಳ್ಳುತ್ತಿತ್ತು. ನಾನು ಕೆಲಸದ ನಡುವೆ ಹತ್ತು ಸಲ ಬಂದು ನೋಡುತ್ತಿದ್ದೆ. ಪ್ರತಿ ಸಲವೂ ಹೊಸದಾಗಿ ಬೆರಗು: ಇದು ಇಲ್ಲಿದೆ, ನಮ್ಮ ಮನೆಯೊಳಗೆ.

ಗುಡ್ಲಿನಲ್ಲಿದ್ದ ಅತ್ತೆಗೆ ಪಕ್ಕದ ಮನೆಯ ಸೊಸೆ ಊಟ ಕೊಡುತ್ತಿದ್ದಳು. ನಾನು ಸೌದೆ ಕೊಂಡುಹೋಗಿ ಬೇಲಿಯ ಬಳಿ ಇಟ್ಟು ಬರುತ್ತಿದ್ದೆ. ಅವರು ಮಾತಾಡುತ್ತಿರಲಿಲ್ಲ, ನಾನೂ ಮಾತಾಡಿಸುತ್ತಿರಲಿಲ್ಲ. ಎಂಟನೆಯ ದಿನವೋ ಒಂಬತ್ತನೆಯದೋ, ಸೌದೆ ಇಟ್ಟು ತಿರುಗಿದಾಗ ಬಾಗಿಲಲ್ಲಿ ಕೂತಿದ್ದವರು ಕೇಳಿದರು:

'ಬೆಳಗ್ಗೆ ಏನೇ ಹಂಗೆ ಕಿರುಚ್ಕಳ್ತಿತ್ತು ಕೂಸು?'

'ನೀರೆರೆದೆ ಅತ್ತೆ. ಬಿಸಿ ಹೆಚ್ಚಾಯ್ತೇನೋ. ಇಲ್ಲಿಗಂಟ ಕೇಳ್ತಾ?'

'ಕೇಳ್ದೆ ಏನು?' ಅಂದರು. ಕೋಲಿನಿಂದ ನೆಲ ಕೆರೆದರು. 'ಇಲ್ಲಿಂದ ಅಲ್ಲಿಗೂ ಕೇಳ್ತಿತ್ತು ಕಣೆ. ನೀನಿಲ್ಲಿದ್ದಾಗ ನಿನ್ನ ಕೂಸು ಅತ್ರೆ ನಂಗೆ ಒಲೆ ಮುಂದಕ್ಕೆ ಕೇಳ್ತಿತ್ತು.'

ಇಷ್ಟು ವರ್ಷ ಅವರಿಗೆ ಕೇಳಿಸಿರಲಿಲ್ಲ ಅಂತಲೇ ನಾನು ನಂಬಿದ್ದೆ. ಕೇಳಿಸಿದ್ದರೆ ಯಾರಾದರೂ ಬರುತ್ತಿದ್ದರು ಅಂತ. ಅತ್ತೆ ಕೋಲು ಊರಿ ಎದ್ದರು.

'ನಾಳೆಯಿಂದ ಕೂಸಿಗೆ ನೀರು ನಾನೇ ಎರೀತೀನಿ. ನಿಂಗೆ ಹದ ಗೊತ್ತಿಲ್ಲ.'

'ಅಲ್ಲಿಗೆ ಬಂದ್ರೆ ನಿಮಗೆ ಸೂತಕ ತಾಗುತ್ತಲ್ಲ ಅತ್ತೆ?'

'ತಾಗ್ಲಿ ಬಿಡೇ. ಕೂಸು ಬೇಯ್ತಾ ಇದ್ರೆ ನೋಡ್ಕಂಡು ಕೂತ್ಕಳಾಕಾಗ್ತೈತಾ?'

ನಾಳೆ ಅಂದವರು ನಾಳೆಗೆ ಕಾಯಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಅವರ ಸೀರೆ ಸಿಕ್ಕಿಕೊಳ್ಳದ ಹಾಗೆ ನಾನು ಬೇಲಿಯ ಮುಳ್ಳನ್ನು ಎರಡೂ ಕೈಯಲ್ಲಿ ಸರಿಸಿ ಹಿಡಿದು ನಿಂತೆ.